ಮದರಾಸಿಗೆಂದು ಕಲಿಸಿದ ಈಜು

ಇಂಥದ್ದನ್ನೆಲ್ಲ ಬರೆಯುವವರನ್ನು ಕಂಡರೆ ನಾನು ನಗುತ್ತಿದ್ದವನು. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಯಾರಾದರೂ ದೆವ್ವ ನೋಡಿದೆ ಎಂದರೆ, "ವಿಳಾಸ ಕೊಡಿ, ಒಂದು ಕಾಗದ ಹಾಕಿ ವಿಚಾರಿಸೋಣ" ಎನ್ನುತ್ತಿದ್ದೆ. ಈಗ ನಾನೇ ಹೇಳಲು ಕುಳಿತಿದ್ದೇನೆ. ನೀವು ನಕ್ಕರೆ ನನಗೆ ಬೇಸರವಿಲ್ಲ. ನಾನು ಕಂಡದ್ದು ದೆವ್ವವನ್ನಲ್ಲ. ಕಂಡೆ ಎನ್ನುವುದೂ ತಪ್ಪು. ಅದು ನನ್ನ ಕೈಗೆ ತಿಳಿದದ್ದು.

ಅರವತ್ತರ ದಶಕದ ಮೊದಲ ವರ್ಷಗಳು. ನಾವಿದ್ದದ್ದು ಚಿಕ್ಕಬಳ್ಳಾಪುರದಲ್ಲಿ. ಬೇಸಿಗೆ ರಜ ಬಂತೆಂದರೆ ಬೆಂಗಳೂರಿನವರೆಲ್ಲ ತಂಪಿಗೆಂದು ನಂದಿ ಬೆಟ್ಟಕ್ಕೆ ಬರುತ್ತಿದ್ದರು. ಬೆಟ್ಟದ ಬುಡದಲ್ಲೇ ಇದ್ದ ನಮಗೆ ಎಲ್ಲಿಗೆ ಹೋಗುವುದೆಂದೇ ತಿಳಿಯುತ್ತಿರಲಿಲ್ಲ. ಸಮುದ್ರದ ಆಸೆ ಹತ್ತಿಸಿದವರು ನನ್ನ ಸ್ನೇಹಿತರಾದ ಶಿಡ್ಲಘಟ್ಟದ ಗೌಸ್ ಸಾಹೇಬರು. ರೇಷ್ಮೆ ವ್ಯಾಪಾರಕ್ಕೆಂದು ಆಗಾಗ ಮದರಾಸಿಗೆ ಹೋಗಿಬರುತ್ತಿದ್ದರು. ಎಲ್ಲಿ ಇಳಿದುಕೊಳ್ಳಬೇಕು, ಎಷ್ಟು ಹೊತ್ತಿಗೆ ಸಮುದ್ರದ ಮರಳಿಗೆ ಹೋಗಬೇಕು, ಯಾವ ಅಂಗಡಿಯ ಕಡೆ ತಲೆ ಹಾಕಬಾರದು, ಎಲ್ಲವನ್ನೂ ನನ್ನ ಕೈಯಲ್ಲೇ ಬರೆಸಿದರು. ಕೊನೆಗೆ, "ಮಾಸ್ಟರ್ ಸಾಬ್, ಅಲ್ಲಿ ನೀರು ನಮ್ಮ ಕೆರೆ ಥರಾ ಸುಮ್ನೆ ಇರಲ್ಲ. ಬಚ್ಚೀಗೆ ಈಜು ಕಲಿಸ್ಕೊಂಡು ಹೋಗಿ" ಎಂದರು.

ಬಚ್ಚಿ ಎಂದರೆ ನನ್ನ ಮಗಳು ಸರೋಜ. ಒಂಬತ್ತು ವರ್ಷ. ಅವಳಿಗಿಂತ ಮೊದಲು ಹುಟ್ಟಿದ ಎರಡು ಮಕ್ಕಳು ನಮಗೆ ದಕ್ಕಿರಲಿಲ್ಲ. ಅವಳು ಎಡವಿದರೆ ನಾನೂ ನನ್ನ ಹೆಂಡತಿಯೂ ಇಬ್ಬರೂ ಎದ್ದು ಓಡುತ್ತಿದ್ದೆವು.

ನಮ್ಮ ಕಡೆ ಈಜು ಎಂದರೆ ಬಾವಿ. ಸಮುದ್ರಕ್ಕೆ ಹೋಗಲು ಬಾವಿಯಲ್ಲಿ ತಯಾರಿ ಮಾಡುವ ಬುದ್ಧಿ ನಮ್ಮವರಿಗಲ್ಲದೆ ಇನ್ನಾರಿಗೂ ಬರಲಾರದು. ಮಂಡಿಕಲ್ ಹತ್ತಿರದ ನಮ್ಮ ಜಮೀನಿನಲ್ಲಿ ಕಪಿಲೆ ಬಾವಿಯಿತ್ತು. ಎತ್ತು ಕಟ್ಟಿ ಅದರಿಂದ ನೀರೆತ್ತಿ ಅಣ್ಣ ಬೇಸಾಯ ಮಾಡುತ್ತಿದ್ದ. ಊರಿನ ಅರ್ಧ ಮಕ್ಕಳಿಗೆ ಅದರಲ್ಲಿ ಈಜು ಕಲಿಸಿದವನೂ ಅವನೇ. ಬೆನ್ನಿಗೆ ಒಣಗಿದ ಸೋರೆಬುರುಡೆ, ಸೊಂಟಕ್ಕೆ ಹಗ್ಗ. ಹಗ್ಗದ ಇನ್ನೊಂದು ತುದಿ ಮೆಟ್ಟಿಲ ಮೇಲೆ ಕುಳಿತ ದೊಡ್ಡವರ ಕೈಯಲ್ಲಿ. ನಾನೂ ಹಾಗೆಯೇ ಕಲಿತದ್ದು.

ನಾಲ್ಕು ದಿನ ಚೆನ್ನಾಗಿಯೇ ನಡೆಯಿತು. ಸರೋಜ ನೀರು ಕುಡಿದಳು, ಅತ್ತಳು, ಆಮೇಲೆ ನೀರು ಬಿಟ್ಟು ಮೇಲೆ ಹತ್ತುವುದೇ ಇಲ್ಲ ಎಂದು ಹಟ ಹಿಡಿದಳು. ಐದನೆಯ ದಿನ, ಮಧ್ಯಾಹ್ನಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಬಾವಿಯೊಳಕ್ಕೆ ಬಿಸಿಲು ನೇರ ಬೀಳುತ್ತಿತ್ತು. ಅಣ್ಣ ಮೇಲೆ ಎತ್ತು ಬಿಚ್ಚುತ್ತಿದ್ದ. ನಾನು ಕೆಳಗಿನ ಮೆಟ್ಟಿಲ ಮೇಲೆ ಹಗ್ಗ ಹಿಡಿದು ಕುಳಿತಿದ್ದೆ. ಮಗಳು ದಣಿದು, ಕೈಕಾಲು ಆಡಿಸದೆ ತೇಲುತ್ತಿದ್ದಳು. ಆಗ ಹಗ್ಗ ಎಳೆಯಿತು.

ಜಗ್ಗಿದ್ದಲ್ಲ. ನಿಧಾನವಾಗಿ, ಒಂದೇ ಸಮನೆ, ಬಲವಾಗಿ ಎಳೆದು, ಬಿಟ್ಟಿತು. ಸ್ವಲ್ಪ ಹೊತ್ತು ಸುಮ್ಮನಿತ್ತು. ಮತ್ತೆ ಎಳೆಯಿತು.

"ಯಾಕಮ್ಮ ಎಳೀತೀಯಾ? ತರಲೆ ಮಾಡ್ಬೇಡ" ಎಂದೆ.

"ನಾನಲ್ಲ ಕಣಪ್ಪ, ನೀರು ಎಳೀತಾ ಇದೆ" ಎಂದಳು.

ನೀರು ಅಲುಗುತ್ತಲೇ ಇರಲಿಲ್ಲ. ಅವಳ ಪಕ್ಕದಲ್ಲಿ ಬಿದ್ದಿದ್ದ ಬೇವಿನೆಲೆ ಇದ್ದಲ್ಲೇ ಇತ್ತು. ನನ್ನ ಮಗಳು ಮಾತ್ರ ಎದುರು ಗೋಡೆಯ ಕಡೆಗೆ ಸರಿಯುತ್ತಿದ್ದಳು, ನಿಲ್ಲುತ್ತಿದ್ದಳು, ಮತ್ತೆ ಸರಿಯುತ್ತಿದ್ದಳು. ಆ ಗೋಡೆ ನನ್ನಿಂದ ಮೂರು ಮಾರು ದೂರವಿದ್ದೀತು. ಆದರೆ ಹಗ್ಗ ನನ್ನ ಅಂಗೈಯನ್ನು ಉಜ್ಜಿಕೊಂಡು ಹೋಗುತ್ತಲೇ ಇತ್ತು. ಮೂರು ಮಾರಲ್ಲ, ಏಳೆಂಟು ಮಾರು ಹೋಗಿರಬೇಕು. ಮಿಕ್ಕ ಹಗ್ಗ ನೀರಿನಲ್ಲಿ ಮುಳುಗಿರಬಹುದು ಎನ್ನುತ್ತೀರಿ. ಮುಳುಗಿದ ಹಗ್ಗ ಸಡಿಲವಾಗಿರುತ್ತದೆ, ಸ್ವಾಮಿ. ಇದು ಬಿಗಿಯಾಗಿತ್ತು.

"ಅಣ್ಣಾ!" ಎಂದು ಕಿರುಚಿದೆ. ಅವನು ದಡದಡನೆ ಇಳಿದು ಬಂದು ನನ್ನ ಹಿಂದೆ ಹಗ್ಗಕ್ಕೆ ಕೈ ಹಾಕಿದ. ನಗದೆ ಮಾತಾಡದ ಮನುಷ್ಯ ಅವನು. ಹಗ್ಗ ಹಿಡಿದೊಡನೆ ಅವನ ಮುಖ ಬಿಳಿಚಿಕೊಂಡಿತು.

"ಎಳಿಯೋ! ಮಗೂನ ಈಚೆಗೆ ಎಳ್ಕೊಳೋ!"

ಒಂಬತ್ತು ವರ್ಷದ ಹುಡುಗಿಯನ್ನು, ನೀರಿನಲ್ಲಿ ತೇಲುತ್ತಿದ್ದವಳನ್ನು, ಇಬ್ಬರು ಗಂಡಸರು ಕಾಲು ಊರಿ ಎಳೆಯಬೇಕಾಯಿತು. ಅವಳು ಮೆಟ್ಟಿಲು ಮುಟ್ಟಿದಾಗ ನನ್ನ ಅಂಗೈಯ ಚರ್ಮ ಕಿತ್ತುಹೋಗಿತ್ತು.

ಸಂಜೆ ಅಣ್ಣ ಹೇಳಿದ: "ತಳದಾಗೆ ಜಲ ಎದ್ದೈತೆ ಕಣೋ, ಅದಕ್ಕೇ ಎಳೀತು. ನಿನ್ ಹೆಂಡ್ತಿಗೆ ಹೇಳ್ಬೇಡ, ಹೆದರ್ಕೊಂತಾಳೆ." ಎಲ್ಲರ ಬಾವಿಯೂ ಇಳಿಯುವ ಬೇಸಿಗೆಯಲ್ಲಿ ನಮ್ಮದರಲ್ಲಿ ಮಾತ್ರ ಜಲ ಏಳುವುದುಂಟೆ ಎಂದು ನಾನು ಕೇಳಲಿಲ್ಲ. ಏನಾದರೊಂದು ಕಾರಣ ನನಗೂ ಬೇಕಾಗಿತ್ತು.

ಆದರೂ ಮದರಾಸಿಗೆ ಯಾಕೆ ಹೋದೆ ಎನ್ನುತ್ತೀರಾ? ಬಾವಿಗೂ ಸಮುದ್ರಕ್ಕೂ ಏನು ಸಂಬಂಧ ಎಂದು ನನಗೆ ನಾನೇ ಪಾಠ ಹೇಳಿಕೊಂಡೆ. ಚಿಕ್ಕ ರೈಲು ಹತ್ತಿ ಬಂಗಾರಪೇಟೆಗೆ ಹೋಗಿ, ಅಲ್ಲಿ ಮದರಾಸಿನ ಗಾಡಿ ಹಿಡಿದೆವು. ಸರೋಜ ಚಿಂತಾಮಣಿ ಬಂದಾಗಲೇ "ಸಮುದ್ರ ಬಂತಾ?" ಎಂದು ಕೇಳತೊಡಗಿದ್ದಳು.

ಮಾರನೆಯ ಬೆಳಿಗ್ಗೆ ತಾಯಿ-ಮಗಳು ಇಬ್ಬರನ್ನೂ ಮರಳಿನ ಮೇಲೆ ಕೂರಿಸಿ, ಮೊದಲು ನಾನು ನೋಡಿಬರುತ್ತೇನೆಂದು ಪಂಚೆ ಎತ್ತಿ ಕಟ್ಟಿ ನೀರಿಗಿಳಿದೆ. ಅಲೆ ಬಂತು, ಮೊಣಕಾಲು ತೋಯಿಸಿತು, ಹಿಂದಕ್ಕೆ ಹೊರಟಿತು. ನಿಧಾನವಾಗಿ, ಒಂದೇ ಸಮನೆ, ಬಲವಾಗಿ ಎಳೆದು, ಬಿಟ್ಟಿತು. ಸ್ವಲ್ಪ ಹೊತ್ತು ಸುಮ್ಮನಿತ್ತು. ಮತ್ತೆ ಎಳೆಯಿತು.

ನಾನು ಹುಟ್ಟಿದ ಮೇಲೆ ಸಮುದ್ರಕ್ಕೆ ಇಳಿದದ್ದು ಅದೇ ಮೊದಲು. ಆದರೆ ಆ ಸೆಳೆತ ನನಗೆ ಗೊತ್ತಿತ್ತು.

ತಿರುಗಿ ನೋಡಿದರೆ ಸರೋಜ ಲಂಗ ಎತ್ತಿಕೊಂಡು "ಅಪ್ಪಾ, ನಾನೂ ಬರ್ತೀನಿ!" ಎಂದು ಓಡಿ ಬರುತ್ತಿದ್ದಳು. ಹೇಗೆ ಹೋದೆನೋ ತಿಳಿಯದು. ಅವಳ ಕಾಲು ನೀರಿಗೆ ತಾಗುವ ಮುಂಚೆ ಅವಳನ್ನು ಹಿಡಿದು, ಕೆನ್ನೆಗೆ ಹೊಡೆದು, ಎತ್ತಿಕೊಂಡು ರಸ್ತೆಯವರೆಗೆ ಓಡಿದೆ. ಶಾಲೆಯಲ್ಲಿ ಕೂಡ ಒಂದು ಮಗುವಿನ ಮೇಲೂ ಕೈ ಮಾಡಿದವನಲ್ಲ ನಾನು. ಹೆಂಡತಿ ಊರಿಗೆ ಬರುವವರೆಗೆ ನನ್ನೊಡನೆ ಮಾತಾಡಲಿಲ್ಲ.

ಅಲ್ಲಿ ಮೂರು ದಿನ ಇದ್ದೆವು. ಮಗಳಿಗೆ ಕಾಲು ಅದ್ದಲೂ ಬಿಡಲಿಲ್ಲ. ಪಕ್ಕದಲ್ಲೇ ನೂರಾರು ಮಕ್ಕಳು ಅಲೆಯಲ್ಲಿ ಕುಣಿಯುತ್ತಿದ್ದರು, ಯಾರಿಗೂ ಏನೂ ಆಗಲಿಲ್ಲ. ಬರೆಯಬಾರದ ಮಾತು, ಬರೆಯುತ್ತೇನೆ: ಏನಾದರೂ ಆಗಿದ್ದರೆ ನನಗೆ ಉತ್ತರ ಸಿಗುತ್ತಿತ್ತು.

ಅಣ್ಣ ಈಗಿಲ್ಲ. ಸರೋಜಳಿಗೇ ಇಬ್ಬರು ಮಕ್ಕಳು. ಮೊನ್ನೆ ಬಂದು, "ಅಪ್ಪ, ರಜಕ್ಕೆ ಮಕ್ಕಳನ್ನ ಸಮುದ್ರಕ್ಕೆ ಕರ್ಕೊಂಡು ಹೋಗಣ ಅಂತಿದ್ದೀವಿ" ಎಂದಳು. ಅಂದು ಮೊದಲ ಬಾರಿಗೆ ಬಾವಿಯ ವಿಷಯ ಅವಳಿಗೆ ಹೇಳಿದೆ. ಅವಳು ನನ್ನನ್ನೇ ನೋಡಿ ನಕ್ಕುಬಿಟ್ಟಳು.

"ನಾನ್ಯಾವತ್ತಪ್ಪ ಬಾವಿಗೆ ಇಳಿದಿದ್ದೆ? ನೀನು ಹೊಡೆದಿದ್ದು ನೆನಪಿದೆ. ಬಾವಿ ನೆನಪೇ ಇಲ್ಲ."

ಬೇಡ ಎನ್ನಲು ನನ್ನ ಬಳಿ ಕಾರಣವಿಲ್ಲ. ನಾಡಿದ್ದು ಹೊರಡುತ್ತಾರೆ. ಈ ವಯಸ್ಸಿನಲ್ಲಿ ಯಾಕೆ ಎಂದು ಎಲ್ಲರೂ ಬೈಯುತ್ತಿದ್ದರೂ ನಾನೂ ಬರುತ್ತೇನೆ ಎಂದಿದ್ದೇನೆ.