ಹೊಟ್ಟೆ ತುಂಬಿದ ಜೆರ್ಸಿ

ಜಲನಗರದ ದವಾಖಾನೆಯೊಂದರಲ್ಲಿ ರಕ್ತ ತಪಾಸಣೆ ಮಾಡುವ ವಿಶಾಖಾಳಿಗೆ ಹಾಕಿ ಜೆರ್ಸಿಯ ಹುಚ್ಚು. ಅಂತಿಂಥ ಹುಚ್ಚಲ್ಲ, ಸೂಜಿ ಚುಚ್ಚಿಸಿಕೊಳ್ಳಲು ತೋಳು ಚಾಚಿದವರ ಅಂಗಿಯನ್ನೇ ದಿಟ್ಟಿಸಿ, ಈ ಕಾಲರು ಗೋಲ್‌ಕೀಪರನಿಗೆ ಒಪ್ಪೀತೇ ಎಂದು ಯೋಚಿಸುವಷ್ಟು. ಬಬಲೇಶ್ವರದ ಹೈಸ್ಕೂಲಿನಲ್ಲಿ ಹಾಕಿ ಆಡುವಾಗ ಅವಳಿಗೆ ಸಿಕ್ಕಿದ್ದು ಕಬಡ್ಡಿ ಹುಡುಗರ ಹಳೇ ಅಂಗಿ. ಮೊಣಕಾಲಿಗೆ ಬಡಿಯುತ್ತಿದ್ದ ಅದನ್ನು ತೊಟ್ಟು ಓಡಲು ಹೋಗಿ, ಎಲ್ಲರೆದುರು ಮುಗ್ಗರಿಸಿ ಬಿದ್ದಿದ್ದಳು. ತಾನು ಬರೆದ ಜೆರ್ಸಿಯನ್ನು ಒಂದು ದಿನವಾದರೂ ದೊಡ್ಡ ತಂಡವೊಂದು ತೊಡಬೇಕು ಎಂಬ ಹಟ ಹುಟ್ಟಿದ್ದು ಆವತ್ತೇ.

ಅವಳ ತಂಡ ದಖ್ಖನ್ ಫಾಲ್ಕನ್ಸ್. ಆ ತಂಡಕ್ಕೆ ಇವಳು ಯಾರೆಂದೇ ಗೊತ್ತಿರಲಿಲ್ಲ, ಬಿಡಿ. ಅವರಿಗಾಗಿ ಮೊಬೈಲಿನಲ್ಲೇ ಕಲ್ಪನೆಯ ಜೆರ್ಸಿಗಳನ್ನು ಬಿಡಿಸಿ ಬಿಡಿಸಿ ಇನ್‌ಸ್ಟಾಗ್ರಾಮಿಗೆ ಏರಿಸುತ್ತಿದ್ದಳು. ಜೋಳದ ತೆನೆ ಬರೆದಾಗ, ಕಸಬರಿಗೆ ಬಹಳ ಚೆನ್ನಾಗಿ ಬಂದಿದೆ ಎಂದ ಗಂಡ ರಾಜಾರಾಮ. ಗೋಲಗುಮ್ಮಟವನ್ನು ಹೊಟ್ಟೆಯ ಮೇಲೆ ಕೂರಿಸಿದಾಗಲಂತೂ ಆಟಗಾರರೆಲ್ಲ ದಿನ ತುಂಬಿದ ಬಸುರಿಯರಂತೆ ಕಂಡರು. ಗಂಡ ಹೆಂಡತಿ ಇಬ್ಬರೂ ನಕ್ಕು ನಕ್ಕು ಸುಸ್ತಾದರು.

ಅಷ್ಟರಲ್ಲಿ ಫಾಲ್ಕನ್ಸ್‌ನವರೇ ಅಭಿಮಾನಿಗಳಿಂದ ಜೆರ್ಸಿ ಚಿತ್ರ ಕೇಳಿದರು. ಗೆದ್ದ ಜೆರ್ಸಿಯನ್ನು ಒಂದು ಪಂದ್ಯಕ್ಕೆ ತೊಡುತ್ತಾರಂತೆ! ವಿಶಾಖಾ ಟಿಕೋಟಾ ದಾಟಿ ಕಳ್ಳಕವಟಗಿಯ ಗೆಳತಿಯ ಮನೆಗೆ ಹೋದಾಗ, ಶೆಡ್ಡಿನಲ್ಲಿ ಒಣಗುತ್ತಿದ್ದ ದ್ರಾಕ್ಷಿ ಹಸಿರಿನಿಂದ ಹೊಂಬಣ್ಣಕ್ಕೆ ತಿರುಗುವುದನ್ನು ನೋಡಿದ್ದಳು. ಅದೇ ಬಣ್ಣ ಹಿಡಿದಳು. ಎರಡೂ ಪಕ್ಕಕ್ಕೆ ಆಯಿಯ ಕೌದಿಯ ಸಾಲುಹೊಲಿಗೆ ಇಳಿಸಿದಳು. ಚಿತ್ರ ತಂಡಕ್ಕೆ ಹಿಡಿಸಿತು. ಒಂದು ಹೊಲಿದು ಕಳಿಸಿ, ಮೈಗೆ ಹೊಂದಿದರೆ ಇದೇ ಗೆದ್ದಂತೆ ಎಂದರು.

ಆಯಿ ಎಂದರೆ ಸಾರವಾಡದಲ್ಲಿರುವ ಅವಳ ತಾಯಿಯ ತಾಯಿ, ಪರಸವ್ವ. ಊರಿನ ಅರ್ಧ ಜನ ಹೊದ್ದು ಮಲಗುವುದು ಅವಳು ಹೊಲಿದ ಕೌದಿಯನ್ನೇ. ಹಾಕಿ ಎಂದರೇನೆಂದು ಕೇಳದೆಯೇ ಆಯಿ ಜೆರ್ಸಿ ಹೊಲಿದುಕೊಟ್ಟಳು. ಮೊಮ್ಮಗಳೋ, ನೆಲದ ಮೇಲೆ ಕಾಲು ನಿಲ್ಲದೆ, ಒಮ್ಮೆ ಮಡಿಕೆ ಬಿಚ್ಚಿ ಕೂಡ ನೋಡದೆ ಕೊರಿಯರಿಗೆ ಹಾಕಿಬಿಟ್ಟಳು.

ತಂಡದ ಮ್ಯಾನೇಜರ್ ಧೀರೇಂದ್ರ ಫೋನು ಮಾಡಿದ. ಗೋಲ್‌ಕೀಪರ್ ಜೆರ್ಸಿ ತೊಟ್ಟು ಬಗ್ಗಿದ್ದೇ ತಡ, ಅಂಚಿನಲ್ಲಿ ಕುರುಕ್ ಎಂದಿತಂತೆ. ಹೊಲಿಗೆ ಬಿಚ್ಚಿ ನೋಡಿದರೆ ಒಳಗೆ ಕಡಕ ರೊಟ್ಟಿಯ ಚೂರು. ಇಷ್ಟು ವರ್ಷದ ಆಸೆ ಒಂದು ತುಣುಕು ರೊಟ್ಟಿಯಲ್ಲಿ ಮುಗಿಯಿತೆಂದುಕೊಂಡು ವಿಶಾಖಾ ಸಾರವಾಡಕ್ಕೆ ಫೋನು ಹಚ್ಚಿದಳು.

“ಆಯಿ, ಜೆರ್ಸಿಯೊಳಗ ರೊಟ್ಟಿ ಇಟ್ಟೀಯೇನ ಬೇ?”

“ಕೌದಿಗೆ ಕಡೀ ಹೊಲಿಗಿ ಹಾಕೂ ಮುಂದ ಮೂಲ್ಯಾಗ ಇಡೂದಿಲ್ಲೇನ? ಹಂಗ ಇದಕ್ಕೂ ಇಟ್ಟೇನಿ,” ಎಂದಳು ಆಯಿ, ಒಂಚೂರೂ ಅಳುಕದೆ. “ಅರಿಬಿ ಹಸದಿದ್ರ ಅದನ್ನ ಹಾಕ್ಕೊಂಡಾಂವನೂ ಹಸದಿರ್ತಾನ, ಯವ್ವಾ.”

ವಿಶಾಖಾಳಿಗೆ ನಗುವೂ ಬಂತು, ಅಳುವೂ ಬಂತು. ಧೀರೇಂದ್ರನಿಗೆ ಇದ್ದದ್ದನ್ನು ಇದ್ದಂತೆ ಹೇಳಿದಳು. ರೊಟ್ಟಿ ತೆಗೆದುಬಿಡಿ, ಜೆರ್ಸಿ ಮಾತ್ರ ಬಿಡಬೇಡಿ ಎಂದು ಬೇಡಿಕೊಂಡಳು. ಆ ಕಡೆಯಿಂದ ಒಮ್ಮೆಲೇ ಹತ್ತಾರು ಜನ ಹೋ ಎಂದು ನಕ್ಕ ಸದ್ದು. ಪುಣ್ಯಾತ್ಮ ಫೋನನ್ನು ಸ್ಪೀಕರಿಗೆ ಹಾಕಿ ಇಡೀ ತಂಡದ ನಡುವೆ ಕೂತಿದ್ದ!

“ಮೇಡಂ, ಹುಡುಗರು ಕೇಳ್ತಿದ್ದಾರೆ,” ಎಂದ ಧೀರೇಂದ್ರ. “ಮಿಕ್ಕವರ ರೊಟ್ಟಿ ಎಲ್ಲಿ ಅಂತ.”

ಪಂದ್ಯದ ದಿನ ವಿಶಾಖಾ ರಜೆ ಹಾಕಿ ಸಾರವಾಡದಲ್ಲಿ ಆಯಿಯ ಮಗ್ಗುಲಿಗೆ, ಟಿವಿ ಮುಂದೆ ಕೂತಳು. ಆಯಿಯೇ ಅಂಚಿಗೆ ರೊಟ್ಟಿ ಚೂರು ಇಟ್ಟು ಹೊಲಿದುಕೊಟ್ಟ ದ್ರಾಕ್ಷಿ ಬಣ್ಣದ ಜೆರ್ಸಿ ತೊಟ್ಟು ಹುಡುಗರು ಮೈದಾನಕ್ಕೆ ಓಡಿ ಬಂದರು. ಒಬ್ಬನ ಅಂಗಿಯೂ ಮೊಣಕಾಲಿಗೆ ಬಡಿಯುತ್ತಿರಲಿಲ್ಲ. ಅದನ್ನು ಕಂಡು ಅವಳು ಬಿಕ್ಕಿ ಬಿಕ್ಕಿ ಅತ್ತಳು, ಸಂತೋಷಕ್ಕೆ. ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಫಾಲ್ಕನ್ಸ್ ಗೋಲು ಹೊಡೆದಾಗಿತ್ತು. ಹೊಡೆದವನು ಜೆರ್ಸಿಯ ಅಂಚನ್ನು ಎತ್ತಿ ತುಟಿಗೆ ಒತ್ತಿಕೊಂಡ.

ಪರಸವ್ವ ದಡಬಡಿಸಿ ಮುಂದಕ್ಕೆ ಸರಿದಳು.

“ಅದನ್ನ ಈಗ ತಿನಬ್ಯಾಡಂತ ಹೇಳ ಯವ್ವಾ ಅಂವಗ,” ಎಂದಳು. “ಇನ್ನೂ ಆಟ ಮುಗದಿಲ್ಲ.”