ಸಂಜೀವಣ್ಣನ ಹನ್ನೊಂದು ಮಂದಿ

ಬಿ.ಸಿ.ರೋಡಿಗೆ ಯಾವ ಬಸ್ಸು ಎಷ್ಟು ಗಂಟೆಗೆ ಬರುತ್ತದೆ ಎಂಬುದು ನಮ್ಮ ಬಂಟ್ವಾಳದ ಮಕ್ಕಳಿಗೆಲ್ಲ ಬಾಯಿಪಾಠವಾಗಿದ್ದ ಕಾಲ ಅದು. ಬಸ್ಸುಗಳೇ ಅಷ್ಟು ಕಡಿಮೆ. ಬಸ್ಸಿಗಿಂತ ಮೊದಲು ಬಸ್ ಏಜೆಂಟ್ ಸಂಜೀವಣ್ಣನ ಸ್ವರ ಬರುತ್ತಿತ್ತು. "ಬೆಳ್ತಂಗಡಿ, ಉಜಿರೆ, ಧರ್ಮಸ್ಥಳಾ..." ಎಂದು ಅವರು ಕೊನೆಯ ಅಕ್ಷರವನ್ನು ಎಳೆದರೆ ಹೋಟೆಲಿನಲ್ಲಿ ಕುಳಿತವರು ಅರ್ಧ ಲೋಟ ಚಹಾ ಬಿಟ್ಟು ಏಳುತ್ತಿದ್ದರು. ಎತ್ತರದ ಆಳು. ನಡೆಯುವಾಗ ಒಂದು ಕಾಲು ಸ್ವಲ್ಪ ಎಳೆಯುತ್ತಿತ್ತು. ಬಲಗೈಯ ಎರಡು ಬೆರಳುಗಳು ಯಾವಾಗಲೂ ಬಾಗಿಕೊಂಡೇ ಇರುತ್ತಿದ್ದವು. ಬಸ್ಸಿನ ಬಾಗಿಲಿಗೆ ಸಿಕ್ಕಿ ಹಾಗಾದದ್ದೆಂದು ನಾವು ನಂಬಿದ್ದೆವು.

ಅರುವತ್ತರ ದಶಕದ ಮೊದಲ ವರ್ಷಗಳು. ನನಗೆ ಹದಿಮೂರು ವರ್ಷ. ಮಳೆಗಾಲದ ಏಣೆಲು ಬೆಳೆಯ ಕೊಯ್ಲು ಮುಗಿದು, ಗದ್ದೆಗಳಲ್ಲಿ ಒಣಹುಲ್ಲಿನ ವಾಸನೆ ಹರಡಿದ್ದ ತಿಂಗಳು. ನಮ್ಮ ಹೆಣ್ಣುಮಕ್ಕಳ ಶಾಲೆಗೆ ಎಲ್ಲಿಂದಲೋ ಒಂದು ಮರದ ಪೆಟ್ಟಿಗೆ ಬಂತು. ತೆರೆದರೆ ತುದಿ ಬಾಗಿದ ಎಂಟು ಕೋಲುಗಳು, ಒಂದು ಬಿಳಿ ಚೆಂಡು. ಹುಡುಗಿಯರಿಗೆ ಹಾಕಿ ಆಟ ಕಲಿಸಬೇಕೆಂದು ಜತೆಗೊಂದು ಕಾಗದ. ನಮ್ಮ ಡ್ರಿಲ್ ಮಾಡಿಸುತ್ತಿದ್ದ ಸೀತಾ ಟೀಚರಿಗೆ ಲೇಜಿಮ್ ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ಅವರು ನಮ್ಮನ್ನು ಸಾಲಾಗಿ ನಿಲ್ಲಿಸಿ, ಕೋಲನ್ನು ಎರಡು ಕೈಯಲ್ಲಿ ಹಿಡಿದು "ಒಂದು, ಎರಡು" ಎಂದು ಬೀಸಲು ಹೇಳಿದರು.

ಬೇಲಿಯ ಆಚೆಯಿಂದ ಯಾರೋ ನಕ್ಕರು. ಊಟದ ಬುತ್ತಿ ಹಿಡಿದುಕೊಂಡು ಸಂಜೀವಣ್ಣ ನಿಂತಿದ್ದರು.

"ಟೀಚರ್, ಹಾಗೆ ಹಿಡಿದರೆ ಹಾವು ಹೊಡೆಯಬಹುದು ಅಷ್ಟೇ," ಎಂದರು. "ನಾನು ಒಮ್ಮೆ ತೋರಿಸಲಾ?"

ಬುತ್ತಿಯನ್ನು ನನ್ನ ಕೈಗೆ ಕೊಟ್ಟು ಅಂಗಳಕ್ಕೆ ಬಂದರು. ಕೋಲನ್ನು ಹಿಡಿದದ್ದೇ, ಕುಂಟುವ ಆ ಮನುಷ್ಯ ಬೇರೆಯೇ ಆಗಿಬಿಟ್ಟರು. ಚೆಂಡನ್ನು ಕೋಲಿಗೆ ಯಾರೋ ದಾರ ಕಟ್ಟಿ ಬಿಟ್ಟಂತೆ, ಅವರು ಹೋದಲ್ಲೆಲ್ಲ ಅದೂ ಹೋಯಿತು. ಎಡಕ್ಕೆ, ಬಲಕ್ಕೆ, ಸೀತಾ ಟೀಚರನ್ನು ಒಂದು ಸುತ್ತು ಬಳಸಿ ಮತ್ತೆ ನನ್ನ ಕಾಲಬುಡದಲ್ಲಿ ಬಂದು ನಿಂತಿತು. ನಾವು ಕೂಗಲೂ ಮರೆತು ನೋಡಿದೆವು.

ಅವರು ಬೊಂಬಾಯಿಯ ಒಂದು ಬಟ್ಟೆ ಗಿರಣಿಯ ತಂಡದಲ್ಲಿ ಹನ್ನೊಂದು ವರ್ಷ ಗೋಲು ಕಾಯುವ ಗೋಲಿಯಾಗಿದ್ದರಂತೆ. ನನ್ನ ಗೆಳತಿ ಲೀಲಾ ಬಿಡದೆ ಕೇಳಿದಳು, "ಗಿರಣಿಯಲ್ಲಿ ಕೆಲಸ ಎಂತದ್ದು?"

"ಆಡುವುದೇ ಕೆಲಸ. ಪುಸ್ತಕದಲ್ಲಿ ಫಿಟ್ಟರ್ ಅಂತ ಬರೆದಿದ್ರು. ಒಂದು ಸ್ಕ್ರೂ ತಿರುಗಿಸಿದವನಲ್ಲ ನಾನು."

"ಆಡಿದ್ದಕ್ಕೆ ಸಂಬಳ ಕೊಡ್ತಾರಾ?"

"ಕೊಡ್ತಿದ್ರು ಮಾರಾಯ್ತಿ. ಕಾಲು ಇರುವಷ್ಟು ದಿನ."

ಮರುದಿನದಿಂದ ಸಂಜೆಯ ಎರಡು ಬಸ್ಸುಗಳ ನಡುವಿನ ಹೊತ್ತು ನಮ್ಮದಾಯಿತು. ನೇತ್ರಾವತಿಯ ದಂಡೆಯಲ್ಲಿ, ಮಳೆಗಾಲದ ನೆರೆ ಇಳಿಯುವಾಗ ಮಣ್ಣು ಬಿಟ್ಟುಹೋದ ಒಂದು ಗದ್ದೆ. ಬಿಸಿಲಿಗೆ ಅದು ಸಗಣಿ ಸಾರಿಸಿದ ಅಂಗಳದಂತೆ ಗಟ್ಟಿಯಾಗಿತ್ತು. ಕಡಿಮೆ ಬಿದ್ದ ಕೋಲುಗಳಿಗೆ ಪೇರಳೆಯ ಗೆಲ್ಲುಗಳನ್ನು ಬೆಂಕಿಗೆ ಹಿಡಿದು ಬಗ್ಗಿಸಿದೆವು. ಉದ್ದ ಲಂಗ ಕಾಲಿಗೆ ತೊಡರುತ್ತದೆಂದು, ಪೇಟೆಯಲ್ಲಿ ದರ್ಜಿಯಾಗಿದ್ದ ನನ್ನ ಅಪ್ಪ ಅಂಗಡಿಯಲ್ಲಿ ಉಳಿದಿದ್ದ ಬಟ್ಟೆಯಲ್ಲಿ ಹನ್ನೊಂದು ಮಂದಿಗೂ ಮೊಣಕಾಲಿನವರೆಗಿನ ಲಂಗ, ಒಳಗೆ ಚಡ್ಡಿ ಹೊಲಿದುಕೊಟ್ಟರು. ಒಬ್ಬೊಬ್ಬಳದು ಒಂದೊಂದು ಬಣ್ಣ. ಚೆಂಡು ಬಿದ್ದು ಊದಿಕೊಂಡ ಕಾಲಿಗೆ ಅಮ್ಮ ಅರಸಿನ ಹಚ್ಚುತ್ತಾ ಬೈಯುತ್ತಿದ್ದಳು, ಬೈದು ಮುಗಿದ ಮೇಲೆ ಪುನರ್ಪುಳಿ ಶರಬತ್ತು ಕೊಡುತ್ತಿದ್ದಳು.

ಲೆಫ್ಟ್ ಔಟ್, ಸೆಂಟರ್ ಹಾಫ್ ಎಂಬ ಇಂಗ್ಲಿಷು ನಮ್ಮ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಸಂಜೀವಣ್ಣ ಎರಡೇ ದಿನ ಪ್ರಯತ್ನಿಸಿ ಬಿಟ್ಟರು. ಮೂರನೆಯ ದಿನ ಗದ್ದೆಯಲ್ಲಿ ಒಬ್ಬೊಬ್ಬಳ ಭುಜ ಹಿಡಿದು ನಿಲ್ಲಿಸುತ್ತಾ ಹೇಳಿದರು, "ಇದು ಬೆನ್ನಿಯ ಜಾಗ. ಗೋವದವ. ಗಾಳಿಯ ಹಾಗೆ ಓಡ್ತಿದ್ದ. ಲೀಲಾ, ನೀನು ಇನ್ನು ಬೆನ್ನಿ." ದಪ್ಪಗೆ ಗಟ್ಟಿಮುಟ್ಟಾಗಿದ್ದ ಫಿಲೋಮಿನಾ ಹಿಂದೆ ನಿಂತು ತಡೆಯುವ ಲಾಲ್‌ಸಿಂಗ್ ಆದಳು. ನನ್ನನ್ನು ಗದ್ದೆಯ ನಟ್ಟನಡುವೆ ನಿಲ್ಲಿಸಿದರು. "ಇದು ಜಮಾಲನ ಜಾಗ. ಭೋಪಾಲದವ. ಅವನು ಕಣ್ಣು ತಿರುಗಿಸದೆ ಚೆಂಡು ಕೊಡ್ತಿದ್ದ. ನಮ್ಮವ ಎಲ್ಲಿ ಉಂಟು ಅಂತ ಅವನಿಗೆ ಹೇಗೋ ಗೊತ್ತಾಗ್ತಿತ್ತು. ನೀನೂ ಹಾಗೆ ಕೊಡಬೇಕು."

ಹೀಗೆ ಗಿರಣಿಯ ಹನ್ನೊಂದು ಮಂದಿ ನಮ್ಮ ಹನ್ನೊಂದು ಹುಡುಗಿಯರಾದರು. ಗದ್ದೆಯ ಬದುವಿನಿಂದ ಸಂಜೀವಣ್ಣ "ಬೆನ್ನೀ, ಹಿಂದೆ ಬಾ! ಜಮಾಲ್, ಎಡಕ್ಕೆ!" ಎಂದು ಕೂಗಿದರೆ ಹೊಳೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರು ತಲೆಯೆತ್ತುತ್ತಿದ್ದರು. ಅಪ್ಪ ಒಂದು ದಿನ ನಗುತ್ತಾ ಕೇಳಿದರು, "ಜಮಾಲ್ ಸಾಹೇಬರಿಗೆ ಗಂಜಿ ಸಾಕಾ, ಇನ್ನೂ ಬೇಕಾ?"

ಒಂದು ಸಂಜೆ ಬೇಯಿಸಿದ ಗೆಣಸು ತಿನ್ನುತ್ತಾ ಕುಳಿತಿದ್ದಾಗ ಫಿಲೋಮಿನಾ ಕೇಳಿದಳು, "ಸಂಜೀವಣ್ಣ, ಅವರೆಲ್ಲ ಈಗ ಎಲ್ಲಿದ್ದಾರೆ?"

ಅವರು ಕೈಯಲ್ಲಿದ್ದ ಗೆಣಸನ್ನು ಕೆಳಗಿಟ್ಟರು. "ಬೆನ್ನಿ ಕ್ಷಯದಲ್ಲಿ ಹೋದ. ಕಾಲು ಹೋಗಿ ಆಡಲಾಗದವರನ್ನು ಗಿರಣಿಯವರು ಹತ್ತಿ ಬಿಡಿಸುವ ಕೋಣೆಗೆ ಹಾಕ್ತಿದ್ರು. ಆ ಧೂಳು ಎದೆಗೆ ಹೋಗ್ತದೆ. ಇನ್ನೂ ಮೂರು ಮಂದಿ ಹಾಗೆಯೇ ಹೋದರು. ನಾನು ಆ ಕೋಣೆ ನೋಡಿದವನೇ ಊರಿನ ದಾರಿ ಹಿಡಿದೆ. ಲಾಲ್‌ಸಿಂಗ್ ರೈಲಿನ ಅಡಿಗೆ ಬಿದ್ದ. ಬಿದ್ದನೋ, ಎಂತೋ. ಜಮಾಲ್ ಇದ್ದಾನೆ, ಕಾಗದ ಬರೀತಾನೆ. ಉಳಿದವರು ಎಲ್ಲೆಲ್ಲಿಯೋ."

ಅವರು ತಾವೇ ಮುಂದುವರಿಸಿದರು, "ನಾವು ಗೆದ್ದಾಗ ಸಾವಿರ ಜನ ಇವರ ಹೆಸರು ಕೂಗ್ತಿದ್ರು. ಈಗ ಹೇಳುವವರು ಒಬ್ಬರಿಲ್ಲ. ಕರೆಯದಿದ್ದರೆ ಹೆಸರು ಮರೆತುಹೋಗ್ತದೆ ಮಕ್ಕಳೇ. ಅದಕ್ಕೆ ಕರೀತೇನೆ."

ನಾನು ಆ ಮಾತನ್ನು ಮನೆಗೆ ಹೋಗಿ ಹಾಗೆಯೇ ಹೇಳಿಬಿಟ್ಟೆ. ಅಜ್ಜಿ ಅಕ್ಕಿ ಗೇರುವುದನ್ನು ನಿಲ್ಲಿಸಿದಳು. ಸತ್ತವರ ಹೆಸರು ಹಿಡಿದು ನಿತ್ಯ ಸಂಜೆ, ಅದೂ ಹೊಳೆಬದಿಯಲ್ಲಿ ಕರೆಯುವುದೆಂದರೆ! ಕುಲೆಗಳು, ಅಂದರೆ ಸತ್ತವರ ಜೀವಗಳು, ಬಂದು ಹೆಣ್ಣುಮಕ್ಕಳನ್ನು ಹಿಡಿದರೆ ಯಾರು ಹೊಣೆ? ಎರಡೇ ದಿನದಲ್ಲಿ ಸುದ್ದಿ ಪೇಟೆಯೆಲ್ಲ ತಿರುಗಿತು. ಲೀಲಾಳ ಅಮ್ಮ ಅವಳನ್ನು ಆಟದಿಂದ ಬಿಡಿಸಿದಳು. ಇನ್ನೂ ನಾಲ್ವರು ಬರಲಿಲ್ಲ. ಮೂಡಬಿದ್ರೆಯ ಹುಡುಗಿಯರ ಜತೆ ಪಂದ್ಯ ಗೊತ್ತಾಗಿತ್ತು. ಅದೂ ಹೋಯಿತೆಂದು ನಾನು ಅತ್ತೆ. ಬಾಯಿ ಬಿಟ್ಟವಳು ನಾನೇ ಎಂಬ ಸಂಕಟ ಬೇರೆ.

ಅಜ್ಜಿ ಸಂಜೀವಣ್ಣನಿಗೆ ಹೇಳಿಕಳಿಸಿದಳು. ಅವರು ಬಂದು ಜಗಲಿಯ ತುದಿಯಲ್ಲಿ, ಬೈಗುಳಕ್ಕೆ ಸಿದ್ಧರಾದವರಂತೆ ತಲೆ ತಗ್ಗಿಸಿ ಕುಳಿತರು.

"ನಮ್ಮವರು ಸತ್ತರೆ ನಾವು ಹೆಸರು ಹಿಡಿದು ಕರೆಯುವುದು ಅವರಿಗೆ ಎಲೆ ಹಾಕಿ ಬಡಿಸುವ ದಿನ ಮಾತ್ರ," ಎಂದಳು ಅಜ್ಜಿ. "ನೀನು ದಿನಾ ಕರೀತಿ. ಕರೆದ ಮೇಲೆ ಅವರು ಹಸಿದುಕೊಂಡು ಬರುವುದಿಲ್ವಾ?"

"ತಪ್ಪಾಯ್ತು ಅಮ್ಮ. ಇನ್ನು ಕರೆಯುವುದಿಲ್ಲ."

"ಕರೆಯಬೇಡ ಅಂತ ನಾನು ಎಲ್ಲಿ ಹೇಳಿದೆ? ಬಡಿಸು ಅಂತ ಹೇಳಿದ್ದು. ಅವರು ಎಂತ ತಿಂತಿದ್ರು?"

ಸಂಜೀವಣ್ಣ ತಲೆಯೆತ್ತಿ ಅಜ್ಜಿಯನ್ನೇ ನೋಡಿದರು. ಆಮೇಲೆ ಒಂದೊಂದಾಗಿ ಹೇಳಿದರು. ಬೆನ್ನಿಗೆ ಮೀನಿನ ಗಸಿ. ಮದರಾಸಿನ ಮುತ್ತುವಿಗೆ ಹುಳಿ ಅನ್ನ. ಲಾಲ್‌ಸಿಂಗನಿಗೆ ಗೋಧಿ ರೊಟ್ಟಿ, ಹಾಲು.

"ಗೋಧಿ ನಮ್ಮಲ್ಲಿ ಇಲ್ಲ. ಅಕ್ಕಿರೊಟ್ಟಿ ಆದರೆ ಬೇಡ ಅಂತಾನಾ? ಹಸಿದವ ತಿಂತಾನೆ."

ಆ ಆದಿತ್ಯವಾರ ಅಜ್ಜಿ ಒಳಕೋಣೆಯಲ್ಲಿ ಐದು ಬಾಳೆಲೆ ಹಾಕಿ ಬಡಿಸಿದಳು. ಲೀಲಾಳ ಅಮ್ಮನೂ ಬಂದು ಮೀನು ಕೊಯ್ದುಕೊಟ್ಟಳು. ಬಡಿಸಿ ಬಾಗಿಲು ಮುಚ್ಚಿ ನಾವೆಲ್ಲ ಹೊರಗೆ ನಿಂತೆವು. ಸಂಜೀವಣ್ಣ ಬಾಗಿಲ ಬಳಿ ಕೈಮುಗಿದು ಐದು ಹೆಸರುಗಳನ್ನು ಹೇಳಿದರು. ಬಸ್ಸಿಗೆ ಜನ ಕರೆಯುವ ಅದೇ ಬಾಯಿಯಿಂದ ಅಷ್ಟು ಸಣ್ಣ ಸ್ವರ ಬರಬಹುದೆಂದು ನನಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತೆಗೆದು, ಅದೇ ಊಟವನ್ನು ನಾವೆಲ್ಲ ಹಂಚಿಕೊಂಡು ಉಂಡೆವು. ಮರುದಿನ ಗದ್ದೆಗೆ ಹನ್ನೊಂದು ಮಂದಿಯೂ ಬಂದರು.

ಪಂದ್ಯದ ದಿನ ಸಿದ್ಧಕಟ್ಟೆಯ ದಾರಿಯಾಗಿ ಮೂಡಬಿದ್ರೆಗೆ ಬಸ್ಸಿನಲ್ಲಿ ಹೋದೆವು. ಎಲ್ಲರೂ ಕಿರುಚಾಡುತ್ತಿದ್ದೆವು, ಸಂಜೀವಣ್ಣ ಮಾತ್ರ ಕಿಟಕಿಯ ಹೊರಗೆ ನೋಡುತ್ತಿದ್ದರು. ಅವರಿಗೆ ಹೆದರಿಕೆ ಎಂದುಕೊಂಡೆ.

ಮೂಡಬಿದ್ರೆಯ ಹುಡುಗಿಯರಿಗೆ ಒಂದೇ ಬಣ್ಣದ ಲಂಗ, ಎಲ್ಲರಿಗೂ ನಿಜವಾದ ಕೋಲು. ಆಟ ಶುರುವಾದ ಸ್ವಲ್ಪ ಹೊತ್ತಿಗೇ ಒಂದು ಗೋಲು ಹೊಡೆದರು. ಆಮೇಲೆ ಮತ್ತೊಂದು. ಸಂಜೀವಣ್ಣ ಗೆರೆಯ ಹೊರಗಿನಿಂದ "ಬೆನ್ನೀ! ಲಾಲ್‌ಸಿಂಗ್! ಮುತ್ತೂ!" ಎಂದು ಕೂಗುತ್ತಿದ್ದರು. ನನ್ನ ಹೆಸರು ಮಾತ್ರ ಬರಲಿಲ್ಲ. ಆ ಕೂಗಿಗೆ ಒಗ್ಗಿದ್ದ ನನ್ನ ಕಾಲುಗಳಿಗೆ ಎತ್ತ ಓಡಬೇಕೆಂದು ತಿಳಿಯಲಿಲ್ಲ. ಬಂದ ಚೆಂಡನ್ನೆಲ್ಲ ಕಳೆದುಕೊಂಡೆ.

ಅರ್ಧ ಆಟ ಮುಗಿದು ಬೆಲ್ಲ, ನೀರು ಕೊಡುವಾಗ ನಾನು ಅವರ ಎದುರು ಹೋಗಿ ನಿಂತೆ. "ನನ್ನನ್ನು ಯಾಕೆ ಕರೆಯುವುದಿಲ್ಲ ಸಂಜೀವಣ್ಣ? ನಾನು ಎಂತ ಮಾಡಿದೆ?"

ಅವರು ಅಂಗಿಯ ಕಿಸೆಯಿಂದ ಒಂದು ಕಾರ್ಡು ತೆಗೆದರು. ಬೆವರಿಗೆ ಶಾಯಿ ಕದಡಿತ್ತು. "ಜಮಾಲನ ತಮ್ಮ ಬರೆದದ್ದು. ನಿನ್ನೆ ಬಂತು. ಹೋದ ತಿಂಗಳೇ ತೀರಿಕೊಂಡನಂತೆ ಮಗಾ. ಹೆಸರು ಬಾಯಿಯವರೆಗೆ ಬರ್ತದೆ, ಗಂಟಲು ಬಿಡುವುದಿಲ್ಲ."

ದೊಡ್ಡವರಾಗಿದ್ದರೆ ಸಮಾಧಾನ ಹೇಳುತ್ತಿದ್ದರು. ನನಗೆ ಹದಿಮೂರು ವರ್ಷ, ಎರಡು ಗೋಲಿನ ಸಿಟ್ಟು ಬೇರೆ. "ಬೆನ್ನಿಯನ್ನು ಕರೀತೀರಿ, ಲಾಲ್‌ಸಿಂಗನನ್ನು ಕರೀತೀರಿ. ಅವರೂ ಸತ್ತವರೇ ಅಲ್ವಾ? ಕರೆಯದಿದ್ದರೆ ಮರೆತುಹೋಗ್ತದೆ ಅಂತ ನೀವೇ ಹೇಳಿದ್ದಲ್ವಾ?"

"ವಾರಿಜಾ, ಬಾಯಿ ಮುಚ್ಚು!" ಎಂದರು ಸೀತಾ ಟೀಚರ್.

"ಬಿಡಿ ಟೀಚರ್," ಎಂದರು ಸಂಜೀವಣ್ಣ. ಕಾರ್ಡನ್ನು ಮತ್ತೆ ಕಿಸೆಗೆ ಹಾಕಿಕೊಂಡರು.

ಆಟ ಮತ್ತೆ ಶುರುವಾಯಿತು. ಬಹಳ ಹೊತ್ತು ಅವರ ಸ್ವರವೇ ಇರಲಿಲ್ಲ, ಯಾರ ಹೆಸರೂ ಇರಲಿಲ್ಲ. ಫಿಲೋಮಿನಾ ಎದುರಾಳಿಯಿಂದ ಕಿತ್ತುಕೊಂಡ ಚೆಂಡು ಉರುಳುತ್ತಾ ನನ್ನ ಕಡೆ ಬಂತು. ಆಗ ಕೇಳಿತು.

"ಜಮಾಆಆಲ್! ಎಡಕ್ಕೇ!"

ಕೂಗಿನ ನಡುವೆ ಸ್ವರ ಒಡೆದಿತ್ತು. ಆದರೂ ಮೈದಾನದ ಆಚೆಯ ರಸ್ತೆಯಲ್ಲಿ ಹೋಗುವವರು ನಿಂತು ನೋಡುವಷ್ಟು ದೊಡ್ಡದಾಗಿತ್ತು. ನಾನು ತಿರುಗಿ ನೋಡಲಿಲ್ಲ. ನೋಡದೆಯೇ ಎಡಕ್ಕೆ ತಳ್ಳಿದೆ. ಲೀಲಾ ಅಲ್ಲಿದ್ದಳು. ಅವಳು ಓಡಿದ ಓಟವನ್ನು ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತೇನೆ. ಚೆಂಡು ಗೋಲಿನ ಹಲಗೆಗೆ ಬಡಿದ ಸದ್ದಿಗೆ ನಾವು ಹನ್ನೊಂದು ಮಂದಿಯೂ ಹುಚ್ಚರಂತೆ ಹಾರಿದೆವು. ಸಂಜೀವಣ್ಣ ಗೆರೆಯ ಹೊರಗೆ ನೆಲದ ಮೇಲೆ ಕುಳಿತು ಹೆಗಲ ಮೇಲಿನ ಬೈರಾಸಿನಲ್ಲಿ ಮುಖ ಮುಚ್ಚಿಕೊಂಡಿದ್ದರು.

ಗೆಲ್ಲಲಿಲ್ಲ. ಎರಡಕ್ಕೆ ಒಂದರಿಂದ ಸೋತೆವು. ಆಟ ಮುಗಿದ ಮೇಲೆ ಮೂಡಬಿದ್ರೆಯ ಟೀಚರೊಬ್ಬರು ಕುತೂಹಲದಿಂದ ಕೇಳಿದರು, "ಯಾರು ಈ ಜಮಾಲ್ ಅಂದರೆ?"

"ನಮ್ಮ ಸೆಂಟರ್ ಹಾಫ್," ಎಂದಳು ಫಿಲೋಮಿನಾ, ಇಂಗ್ಲಿಷನ್ನು ಒಂದೂ ತಪ್ಪಿಲ್ಲದೆ.

ಬಸ್ಸಿಗೆ ಹೊತ್ತಿತ್ತು. ಸಂಜೀವಣ್ಣ ನಮ್ಮನ್ನೆಲ್ಲ ಹೋಟೆಲಿಗೆ ಕರೆದೊಯ್ದು ಬಿಸಿ ಗೋಳಿಬಜೆ ತಿನ್ನಿಸಿದರು. ಅಲ್ಲಿಯೇ ತಮ್ಮ ಬಾಗಿದ ಬೆರಳುಗಳನ್ನು ತೋರಿಸಿ ಹೇಳಿದರು. ಒಂದು ಫೈನಲ್ ಪಂದ್ಯದಲ್ಲಿ ಚೆಂಡು ಬಡಿದು ಅವು ಮುರಿದಾಗ, ಜಮಾಲ್ ತಾನೇ ಗೋಲಿನಲ್ಲಿ ನಿಂತು ಆಟ ಮುಗಿಸಿದನಂತೆ. "ಆಮೇಲೆ ಒಂದು ತಿಂಗಳು ನನಗೆ ಉಣ್ಣಿಸಿದ್ದು ಅವನೇ. ಕೈತುತ್ತು. ತಾಯಿ ಸತ್ತ ಮೇಲೆ ನನಗೆ ತುತ್ತು ಕೊಟ್ಟವರು ಬೇರೆ ಯಾರೂ ಇಲ್ಲ." ಗೋಳಿಬಜೆಯ ಖಾರಕ್ಕೋ ಏನೋ, ನಾವೆಲ್ಲ ಮೂಗು ಒರೆಸಿಕೊಂಡೆವು. ಮುಖವನ್ನೇ ನೋಡದ ಮನುಷ್ಯನಿಗಾಗಿ ನಾನು ಅತ್ತದ್ದು ಅದೇ ಮೊದಲು.

ಆ ಒಂದೇ ಬೇಸಗೆ ನಮ್ಮ ಆಟ. ಮಳೆಗಾಲ ಕಳೆದು ಗದ್ದೆ ಮತ್ತೆ ಒಣಗುವಷ್ಟರಲ್ಲಿ ನಮ್ಮಲ್ಲಿ ಅರ್ಧ ಮಂದಿಯನ್ನು "ದೊಡ್ಡವಳಾದಳು" ಎಂದು ಶಾಲೆಯಿಂದ ಬಿಡಿಸಿಯಾಗಿತ್ತು. ಹನ್ನೊಂದು ಮಂದಿ ಮತ್ತೆ ಒಟ್ಟಾಗಲೇ ಇಲ್ಲ. ಈಗ ಆ ಗದ್ದೆಯಿದ್ದಲ್ಲಿ ಸಾಲು ಅಂಗಡಿಗಳಿವೆ. ಬಂಟ್ವಾಳದ ಹುಡುಗಿಯರು ಒಂದು ಕಾಲದಲ್ಲಿ ಹಾಕಿ ಆಡಿದ್ದರು ಎಂದರೆ ನನ್ನ ಸೊಸೆಯೇ ನಂಬುವುದಿಲ್ಲ. ತೋರಿಸಲು ಒಂದು ಪಟವಿಲ್ಲ, ಒಂದು ಕಾಗದವಿಲ್ಲ. ಲೀಲಾ ಹೋಗಿ ವರ್ಷಗಳಾದವು. ಫಿಲೋಮಿನಾ ಇದ್ದಾಳೆ, ಆದರೆ ಅವಳಿಗೆ ಈಗ ಮಗಳ ಗುರುತೂ ಹತ್ತುವುದಿಲ್ಲ. ಗಿರಣಿಯ ಆ ಹನ್ನೊಂದು ಮಂದಿಯ ಹೆಸರನ್ನು ಸಾಲಾಗಿ ಹೇಳಬಲ್ಲವರು ಈ ಲೋಕದಲ್ಲಿ ನಾನಲ್ಲದೆ ಇನ್ನಾರಿದ್ದಾರೋ ತಿಳಿಯದು. ನನಗೂ ಇತ್ತೀಚೆಗೆ ಎರಡು ಹೆಸರುಗಳು ತಟ್ಟನೆ ನೆನಪಾಗುವುದಿಲ್ಲ.

ಸಂಜೀವಣ್ಣ ತೀರಿಕೊಂಡದ್ದು ನನ್ನ ಮದುವೆಯಾಗಿ ಎರಡನೆಯ ವರ್ಷ. ನನಗೆ ಗೊತ್ತಾದದ್ದು ಎರಡು ತಿಂಗಳ ಮೇಲೆ, ಗಂಡನ ಮನೆಯಲ್ಲೇ ಬಾಣಂತನ ಮುಗಿಸಿ ಮಗುವನ್ನೆತ್ತಿಕೊಂಡು ತವರಿಗೆ ಬಂದಾಗ. ಅಪ್ಪ ಯಾವುದೋ ಮಾತಿನ ನಡುವೆ ಹೇಳಿದರು.

"ನನಗೆ ಯಾಕೆ ಒಂದು ಕಾಗದ ಬರೆಯಲಿಲ್ಲ?" ಎಂದೆ.

ಅಪ್ಪನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ನಿನಗೆ ಬರೆಯಬೇಕೂಂತ ಯಾರಿಗೂ ಹೊಳೆಯಲೇ ಇಲ್ಲ ಮಗಾ. ಅವರು ನಮಗೆ ಎಂತ ಆಗಬೇಕು?"

ನಾನು ಆ ಸಂಬಂಧಕ್ಕೊಂದು ಹೆಸರು ಹುಡುಕಿದೆ. ತುಳುವಿನಲ್ಲೂ ಸಿಗಲಿಲ್ಲ, ಕನ್ನಡದಲ್ಲೂ ಸಿಗಲಿಲ್ಲ. ಮಗುವಿಗೆ ಹಸಿವಾಗಿದೆ ಎಂದು ನೆವ ಹೇಳಿ ಒಳಗೆ ಹೋದೆ. ಮಗು ನಿದ್ದೆ ಮಾಡುತ್ತಿತ್ತು.