ಏಳನೆಯ ಸೇತುವೆಯಲ್ಲಿ ಬೀಳುತ್ತಿದ್ದ ಟ್ರ್ಯಾಕ್ಟರ್

ಕಂಪ್ಯೂಟರಿನ ಮುಂದೆ ಕುಳಿತು ಗೇಮ್ ಆಡುತ್ತಿದ್ದ ಹನುಮಂತನ ಎಡಗಾಲು, ಅಲ್ಲಿಲ್ಲದ ಕ್ಲಚ್ಚನ್ನು ಒತ್ತುತ್ತಿತ್ತು. ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಅದು 1997ರ ಬೇಸಿಗೆ. ಮನಃಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದ ನಾನು ರಜೆಗೆ ಸಿಂಧನೂರಿಗೆ ಬಂದಿದ್ದೆ. ಲಿಂಗಸುಗೂರಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ಶರಣಪ್ಪ ಎಂಬವರು ಸ್ವತಃ ಒಂದು ವಿಡಿಯೊ ಗೇಮ್ ತಯಾರಿಸಿದ್ದರು. ಭತ್ತ ತುಂಬಿದ ಟ್ರ್ಯಾಕ್ಟರನ್ನು ಕಾಲುವೆಯ ಏಳು ಸೇತುವೆ ದಾಟಿಸುವ ಆಟ. ಸೋಲುತ್ತಿರುವ ಆಟಗಾರರು ಹೇಗೆ ನಡೆದುಕೊಳ್ಳುತ್ತಾರೆಂದು ನಮಗೆ ಪಾಠ ಮಾಡುತ್ತಿದ್ದ ಮೇಡಂ ಅಧ್ಯಯನ ನಡೆಸುತ್ತಿದ್ದರು. ಅವರಿಬ್ಬರನ್ನೂ ಪರಿಚಯಿಸಿದವಳು ನಾನೇ. ಮೇಡಂ ಕೇಳಿದಂತೆ ಶರಣಪ್ಪ ಏಳನೆಯ ಸೇತುವೆಯನ್ನು ಯಾರೂ ದಾಟಲಾಗದಂತೆ ಬದಲಿಸಿದರು. ಈ ವಿಷಯ ಆಟಗಾರರಿಗೆ ಹೇಳಬಾರದೆಂದು ಮಾತಾಗಿತ್ತು. ನಾನೂ ಒಪ್ಪಿದ್ದೆ.

ಈ ಆಟ ಹಾಕಿದ್ದ, ಎರಡೇ ಕಂಪ್ಯೂಟರುಗಳಿದ್ದ ಸಿಂಧನೂರಿನ ಗೇಮ್ ಅಂಗಡಿಯ ಮೂಲೆಯಲ್ಲಿ, ಅಂಗಡಿಯವರ ಒಪ್ಪಿಗೆ ಪಡೆದು, ಆಡುವವರನ್ನು ಗಮನಿಸಿ ಬರೆದುಕೊಳ್ಳಲು ದಿನವೂ ಕೂರುತ್ತಿದ್ದೆ. ಹನುಮಂತ ಬಳಗಾನೂರಿನ ಟ್ರ್ಯಾಕ್ಟರ್ ಡ್ರೈವರ್. ಆಟ ಬದಲಾಗುವ ಮೊದಲು ಏಳೂ ಸೇತುವೆ ದಾಟಿದ್ದ. ಅದನ್ನು ತೋರಿಸಲೆಂದೇ ಆ ಮಧ್ಯಾಹ್ನ ತನ್ನ ಮಾಲೀಕರಾದ ಗೌಡರನ್ನು ಕರೆತಂದಿದ್ದ.

"ನೋಡ್ರಿ ಗೌಡ್ರ, ಕಣ್ಣು ಮುಚ್ಚಿ ದಾಟಸ್ತೀನಿ," ಎಂದ.

ಏಳನೆಯ ಸೇತುವೆಯಲ್ಲಿ ಟ್ರ್ಯಾಕ್ಟರ್ ಕಾಲುವೆಗೆ ಬಿತ್ತು. ಮತ್ತೆ ಆಡಿದ. ಮತ್ತೆ ಬಿತ್ತು.

"ಏ ಹನುಮ್ಯಾ, ಮೀನಿಗೆ ಭತ್ತ ಉಣಸಾಕತ್ತೀಯೇನಲೇ?" ಎಂದು ಯಾರೋ ಕೂಗಿದರು. ಗೌಡರೂ ನಕ್ಕರು. ಐದನೆಯ ಸಲ ಬಿದ್ದಾಗ ಮಾತ್ರ ಅವರು ನಗಲಿಲ್ಲ. ಬಗ್ಗಿ ಅವನ ಕೈ ನೋಡಿದರು. ಅದು ನಡುಗುತ್ತಿತ್ತು.

"ಕುಡದೀಯೇನು?"

"ಇಲ್ರೀ ಗೌಡ್ರ, ನಿಮ್ಮಾಣಿ."

"ಮತ್ತ ಕೈ ಯಾಕ ನಡಗಾಕತ್ತಾವ? ಇಂಥಾ ಕೈಯಾಗ ನನ್ನ ಗಾಡಿ ಹ್ಯಾಂಗ ಕೊಡ್ಲಿ? ಚಾವಿ ಇಲ್ಲಿ ಇಡು. ನಾಳಿಂದ ಬರಬ್ಯಾಡ."

ಹನುಮಂತ ಚಾವಿಯನ್ನು ಟೇಬಲ್ಲಿನ ಮೇಲಿಟ್ಟ. ನಾನು ಬಾಯಿಬಿಟ್ಟರೆ ಮೇಡಂ ಅವರ ಅಧ್ಯಯನ ಕೆಡುತ್ತದೆ, ಸುಮ್ಮನಿದ್ದರೆ ಇವನ ಕೆಲಸ ಹೋಗುತ್ತದೆ. ಗೌಡರು ಚಾವಿಗೆ ಕೈ ಹಾಕಿದರು. ಗಂಡಸರ ಗುಂಪಿನ ಎದುರು ಎಂದೂ ಮಾತಾಡದ ನಾನು ಎದ್ದು ನಿಂತೆ.

"ಆ ಸೇತುವಿ ಯಾರಿಗೂ ದಾಟಾಕ ಆಗಂಗಿಲ್ರೀ ಗೌಡ್ರ. ಬೇಕಂತನ ಹಂಗ ಮಾಡಿಸೀವಿ. ಅದರಾಗ ನನ್ನ ಪಾಲೂ ಐತಿ."

ಗೌಡರು ನನ್ನನ್ನೂ ನೋಟ್‌ಬುಕ್ಕನ್ನೂ ನೋಡಿದರು. "ಓದಿದಾಕಿ ಮಾಡೋ ಕೆಲಸೇನವ್ವಾ ಇದು?" ಎಂದು ಚಾವಿಯನ್ನು ಹನುಮಂತನತ್ತ ಸರಿಸಿ ಹೊರನಡೆದರು.

ಹನುಮಂತ ಚಾವಿ ಮುಟ್ಟಲಿಲ್ಲ. "ಅಕ್ಕಾರ, ನಾ ಐದು ಸಲ ಬೀಳುವಾಗೂ ನಿಮಗ ಇದು ಗೊತ್ತಿತ್ತೇನ್ರೀ?"

"ಗೊತ್ತಿತ್ತು," ಎಂದೆ.

ಮೇಡಂ ಆಮೇಲೆ ಬಯ್ದದ್ದು ಪೂರ್ತಿ ನೆನಪಿಲ್ಲ. ಅವನ ಆ ಪ್ರಶ್ನೆ ಮಾತ್ರ ಈಗಲೂ ಚುಚ್ಚುತ್ತದೆ. ಕೆಲಸ ಉಳಿಸಿದೆ ಎಂದು ಸಮಾಧಾನಪಡಲು ನನಗೆ ಆಗಿಲ್ಲ; ಅದು ಹೋಗುವ ಹಾಗೆ ಮಾಡಿದವಳೂ ನಾನೇ.

ಆ ಘಟನೆಯ ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಬಳಗಾನೂರಿಗೆ ಹೋದೆ. ಹನುಮಂತನ ಮನೆಯ ಕಟ್ಟೆಯ ಮೇಲೆ ಕುಳಿತು, ಅವನ ಬಗ್ಗೆ ಬರೆದಿದ್ದ ನಾಲ್ಕೂ ಪುಟಗಳನ್ನು ಅವನಿಗೂ ಅವನ ಹೆಂಡತಿಗೂ ಓದಿ ಹೇಳಿದೆ. ಇವನ್ನು ಇಟ್ಟುಕೊಳ್ಳಲೋ ಹರಿದುಹಾಕಲೋ ಎಂದು ಅವನನ್ನು ಮೊದಲ ಬಾರಿಗೆ ಕೇಳಿದೆ.